ಗಟ್ಟಿ ಹೊದ್ದ ಪೆಟ್ಟಿಗೆ

ಊಲ್ಕನ್ ಮುದುಕಿ ಮಂಜಿನಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಆ ಮನೆಗೆ ಮಾತಾಡುವ ಡಬ್ಬಿಗಳು ಬಂದವು. ಕಳಿಸಿದವಳು ಹಿರಿಮಗಳು ಬುರುಲ್, ರಾಜಧಾನಿ ಬಿಷ್ಕೆಕ್‌ನಿಂದ. ಕೋಣೆಗೊಂದು ಸ್ಪೀಕರ್, ತಂತಿಯ ಗೋಜಿಲ್ಲ. ಮುದುಕಿ ತಲೆದಿಂಬಿನ ಪಕ್ಕದ ಡಬ್ಬಿಯ ಗುಂಡಿ ಒತ್ತಿ ಮಾತಾಡಿದರೆ ಅಡುಗೆಮನೆಯಲ್ಲಿ, ಜಗಲಿಯಲ್ಲಿ, ಕೊನೆಗೆ ಹಸುವಿನ ಕೊಟ್ಟಿಗೆಯ ಬಾಗಿಲಲ್ಲೂ ಆ ಮಾತು ಕೇಳಬೇಕು. ಸೊಸೆ ಜಿಪಾರ್ ಎಲ್ಲಿದ್ದರೂ ಓಡಿ ಬರಬೇಕು. ಬುರುಲ್ ಯೋಚಿಸಿದ್ದು ಇಷ್ಟೆ, ಮತ್ತು ಅದು ಒಳ್ಳೆಯ ಯೋಚನೆಯೇ ಆಗಿತ್ತು.

ಜಿಪಾರ್‌ಳ ಗಂಡ ಎರ್ಮೆಕ್ ಬೆಟ್ಟದ ಮೇಲಿನ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ. ಎರಡು ವಾರ ಮೇಲೆ, ಎರಡು ವಾರ ಮನೆಯಲ್ಲಿ. ಡಬ್ಬಿಗಳು ಬಂದಾಗ ಅವನು ನಾರಿನ್ ಊರಿನ ಮನೆಯಲ್ಲೇ ಇದ್ದ. ಎಲ್ಲವನ್ನೂ ಅವನೇ ಹೊಂದಿಸಿದ. ಇಂಟರ್‌ನೆಟ್ಟಿನ ರೌಟರ್ ಮಾತ್ರ ತಾಯಿಯ ಕಣ್ಣಿಗೆ ಬಿತ್ತು.

"ಆ ಹಸಿರು ಕಣ್ಣಿನದನ್ನ ಅಲ್ಲಿಡಬೇಡ. ಉಣ್ಣೋ ತುತ್ತನ್ನೆಲ್ಲ ನೋಡ್ತಾ ಕೂತಿರತ್ತೆ."

"ಎಲ್ಲಿಡಲಿ ಮತ್ತೆ?"

"ಪೆಟ್ಟಿಗೆ ಹಿಂದೆ ಗೂಡಿದೆಯಲ್ಲ, ಅದರೊಳಗೆ ನೂಕು."

ಪೆಟ್ಟಿಗೆ ಎಂದರೆ ಮುದುಕಿ ಮದುವೆಯಲ್ಲಿ ತವರಿನಿಂದ ತಂದದ್ದು. ದೊಡ್ಡ ಕೋಣೆಯ ಒಳಗೋಡೆಗೆ, ಹಿರಿಯರು ಕೂರುವ ಜಾಗದ ಬೆನ್ನಿಗೆ ಅದು ಇತ್ತು, ಮೇಲೆ ರಜಾಯಿಗಳನ್ನು ಸೂರು ಮುಟ್ಟುವಂತೆ ಪೇರಿಸಿರುತ್ತಿದ್ದರು. ಮುದುಕಿ ಮಲಗುತ್ತಿದ್ದುದೂ ಅದೇ ಕೋಣೆಯಲ್ಲಿ. ಎರ್ಮೆಕ್ ರೌಟರನ್ನು ಗೂಡಿಗೆ ನೂಕಿ, ಪೆಟ್ಟಿಗೆಯನ್ನು ಅದರ ಮುಂದಕ್ಕೆ ಒತ್ತರಿಸಿ, ಕೈ ಝಾಡಿಸಿಕೊಂಡು ಗಣಿಗೆ ಹೋದ.

ಮೊದಲ ದಿನ ಬೀದಿಯ ಹೆಂಗಸರೆಲ್ಲ ನೋಡಲು ಬಂದರು. ಬಂದವರಿಗೆ ಚಹಾ, ಕೆನೆ, ಹಿಟ್ಟು ನಾದಿ ಎಣ್ಣೆಯಲ್ಲಿ ಕರಿದ ಬೂರ್‌ಸೋಕ್. ಕೋಣೆಯಲ್ಲಿ ಜಾಗ ಸಾಲದೆ ಪೆಟ್ಟಿಗೆಯನ್ನು ಜಗಲಿಗೆ ಎಳೆದಿಟ್ಟರು. ಮುದುಕಿ ಗುಂಡಿ ಒತ್ತಿ, "ಜಿಪಾರ್, ಸಕ್ಕರೆ!" ಎಂದಳು. ಅಡುಗೆಮನೆಯಿಂದ, "ಬಂದೆ ಅಮ್ಮ!" ಅಂತ ಉತ್ತರ ಬಂತು. ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡು ನಕ್ಕರು.

"ಅಯ್ಯೋ ಊಲ್ಕನ್, ಇನ್ನು ನೀನು ಖಾನ್ ದೊರೆಯ ತಾಯಿ ಕಣೇ," ಎಂದಳು ಎದುರು ಮನೆಯ ಮಾರಿಪಾ.

ಮಾರನೆಯ ದಿನದಿಂದ ಡಬ್ಬಿ ತೊದಲತೊಡಗಿತು. ಒಂದು ಮಾತು ದಾಟಿಸಿದರೆ ಎರಡು ಮಾತು ನುಂಗುತ್ತಿತ್ತು. ಬೆಳಗಿನ ರೇಡಿಯೋ ಹಾಕಿದರೆ ಹಾಡುವವನು ನಡುವೆ ಉಸಿರು ಕಟ್ಟಿ ಸತ್ತು, ಸ್ವಲ್ಪ ಹೊತ್ತಿನ ಮೇಲೆ ಇನ್ನೆಲ್ಲೋ ಎದ್ದು ಹಾಡುತ್ತಿದ್ದ. "ಅಜ್ಜಿ ನೀರು ಕುಡೀತಾ ಮಾತಾಡ್ತಾರೆ," ಎಂದು ಮೊಮ್ಮಗಳು ಬೆರ್ಮೆತ್ ಗೊರಗೊರ ಸದ್ದು ಮಾಡಿ ತೋರಿಸುತ್ತಿದ್ದಳು. ಮೊದಮೊದಲು ಮುದುಕಿಯೂ ನಕ್ಕಳು.

ಆದರೆ ಹಾಸಿಗೆ ಹಿಡಿದವರಿಗೆ ಲೆಕ್ಕ ಹಾಕುವುದೇ ಕೆಲಸ. ಊಲ್ಕನ್‌ಗೆ ಒಂದು ಸಂಗತಿ ಹೊಳೆಯಿತು. ನೆಂಟರು ಬಂದ ದಿನ ಡಬ್ಬಿ ಗಿಣಿಯಂತೆ ಮಾತಾಡುತ್ತದೆ. ನೆಂಟರು ಹೋಗಿ ಮನೆಯಲ್ಲಿ ತಾನು, ಸೊಸೆ ಇಬ್ಬರೇ ಉಳಿದರೆ ಮೂಗಿಯಾಗುತ್ತದೆ.

"ಜನ ಇದ್ದಾಗ ಬಾಯಿ ಇರತ್ತೆ, ಜನ ಹೋದ ತಕ್ಷಣ ಬಾಯಿ ಹೊಲಿದು ಹೋಗತ್ತೆ," ಎಂದಳು ಒಂದು ಮಧ್ಯಾಹ್ನ, ಸೊಸೆ ತಂದಿಟ್ಟ ಸಾರನ್ನು ಮುಟ್ಟದೆ. "ಯಂತ್ರಕ್ಕೆ ಇಷ್ಟು ನಯ ವಿನಯ ಯಾರು ಕಲಿಸಿದ್ರೋ."

"ನಾನೇನೂ ಮಾಡಿಲ್ಲ ಅಮ್ಮ. ಅದೇ ಹಾಗೆ ನಿಂತುಹೋಗತ್ತೆ."

"ನೀನು ಮಾಡಿದೆ ಅಂತ ನಾನೆಲ್ಲಿ ಅಂದೆ?"

ಅಂದಿರಲಿಲ್ಲ. ಅದೇ ಜಿಪಾರ್‌ಗೆ ಹೆಚ್ಚು ಚುಚ್ಚಿತು. ಅಂದುಬಿಟ್ಟ ಮಾತಿಗಾದರೆ ಎದುರು ಆಡಬಹುದು.

ಅವಳು ಡಬ್ಬಿ ಮಾರಿದ ಅಂಗಡಿಗೆ ಫೋನು ಹಚ್ಚಿದಳು. ಬಿಷ್ಕೆಕ್‌ನ ಅಂಗಡಿಯ ಆಳು ಸಾವಧಾನದವನೇ. ಆರಿಸಿ ಹಾಕಿ ಎಂದ, ಆಯಿತು. ಎಲ್ಲವನ್ನೂ ಅಳಿಸಿ ಹೊಸದಾಗಿ ಜೋಡಿಸಿ ಎಂದ, ಒಂದು ಇಡೀ ಬೆಳಗು ಅದಕ್ಕೇ ಹೋಯಿತು, ಹಾಲು ಉಕ್ಕಿ ಒಲೆ ಆರಿತು. ಕೊನೆಗೆ ಕೇಳಿದ:

"ರೌಟರ್ ಎಲ್ಲಿದೆ ಅಕ್ಕ?"

"ದೊಡ್ಡ ಕೋಣೇಲಿ, ಗೋಡೆ ಗೂಡಲ್ಲಿ."

"ಮುಂದೆ ಏನಾದ್ರೂ ಅಡ್ಡ ಇದೆಯಾ?"

"ನಮ್ಮಮ್ಮನ ಪೆಟ್ಟಿಗೆ."

"ಎಂಥ ಪೆಟ್ಟಿಗೆ?"

ಇಲ್ಲಿ ಜಿಪಾರ್ ತಡೆದಳು. ಅತ್ತೆ ಕೈಯಳತೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು, ಕಿವಿ ತೆರೆದೇ ಇತ್ತು. ಪೆಟ್ಟಿಗೆಯ ಮೈಗೆಲ್ಲ ಹೂಬಳ್ಳಿ ಒತ್ತಿದ ಕಬ್ಬಿಣದ ತಗಡು ಬಡಿದಿತ್ತು. ಕಬ್ಬಿಣಕ್ಕೆ ಅವರ ಮಾತಿನಲ್ಲಿ ತೆಮಿರ್ ಎನ್ನುತ್ತಾರೆ. ತೆಮಿರ್ ಎಂಬುದು ಅವಳ ಸತ್ತುಹೋದ ಮಾವನ ಹೆಸರು. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆಯಾದವಳು ಬಾಯಲ್ಲಿ ತರುವಂತಿಲ್ಲ, ಅವರು ಬದುಕಿದ್ದರೂ ಅಷ್ಟೆ, ಮಣ್ಣಾದರೂ ಅಷ್ಟೆ. ಈಗಿನ ಎಷ್ಟೋ ಸೊಸೆಯರು ಅದನ್ನು ಗಾಳಿಗೆ ತೂರಿದ್ದಾರೆ. ಜಿಪಾರ್ ತೂರಿರಲಿಲ್ಲ. ಈ ಹೊಸ್ತಿಲು ತುಳಿದ ದಿನದಿಂದ ಅವಳಿಗೆ ಕಬ್ಬಿಣವೆಂದರೆ 'ಗಟ್ಟಿ'. ಬಾಣಲೆ ಗಟ್ಟಿಯದು, ಮೊಳೆ ಗಟ್ಟಿಯದು, ರೈಲು ಹೋಗುವುದು ಗಟ್ಟಿ ದಾರಿಯಲ್ಲಿ. ಆ ಮನೆಯಲ್ಲಿ ಎಲ್ಲರಿಗೂ ಅದು ಅರ್ಥವಾಗುತ್ತಿತ್ತು.

"ಗಟ್ಟಿ... ಗಟ್ಟಿ ಹೊದಿಸಿದ ಪೆಟ್ಟಿಗೆ," ಎಂದಳು.

"ಗಟ್ಟಿ ಮರಾನಾ? ಮರ ಏನೂ ಮಾಡಲ್ಲ ಅಕ್ಕ, ಬಿಡಿ. ನಿಮ್ಮ ಅಕ್ಕಪಕ್ಕದ ಮನೆಯವರ ಇಂಟರ್‌ನೆಟ್ ಅಡ್ಡ ಬರ್ತಿರಬೇಕು."

ಪೆಟ್ಟಿಗೆ ಏನೂ ಮಾಡುವುದಿಲ್ಲವೆಂದು ಗೊತ್ತಿದ್ದವನೇ ಹೇಳಿದ ಮೇಲೆ ಜಿಪಾರ್ ಅದರ ಯೋಚನೆ ಬಿಟ್ಟಳು.

ಆ ವಾರವೇ ಮುದುಕಿ ಬಿದ್ದಳು. ಕಿಟಕಿಯ ಮೇಲಿದ್ದ ನೀರಿನ ಲೋಟ ಕೈಗೆ ಎಟಕದೆ, ಸೊಸೆಯನ್ನು ಕರೆದು ಕರೆದು ಸಾಕಾಗಿ, ತಾನೇ ಮೈ ಎಳೆದುಕೊಂಡು ಹೋಗಿ ಮಂಚದಿಂದ ಉರುಳಿದ್ದಳು. ಜಿಪಾರ್ ಆಗ ಅಡುಗೆಮನೆಯಲ್ಲಿ ಹಿಟ್ಟು ಲಟ್ಟಿಸಿ ಶಾವಿಗೆ ಕೊಯ್ಯುತ್ತಿದ್ದಳು. ಸ್ಪೀಕರ್ ಮೊಣಕೈ ಪಕ್ಕದಲ್ಲೇ ಇತ್ತು, ಒಂದು ಸದ್ದು ಮಾಡಲಿಲ್ಲ. ಶಾವಿಗೆ ಬೆಂದ ಮೇಲೆ ಬಟ್ಟಲು ಹಿಡಿದು ಒಳಗೆ ಬಂದವಳು ಬಟ್ಟಲನ್ನು ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ. ಮುದುಕಿ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದು, ಜೊತೆಗೆ ಉರುಳಿದ ಡಬ್ಬಿಯ ಗುಂಡಿಯನ್ನು ಇನ್ನೂ ಒತ್ತಿಕೊಂಡೇ ಇದ್ದಳು.

"ಸಾಯಲಿ ಅಂತ ಬಿಟ್ಟೆಯಾ?" ಎಂದಳು.

ಮೂಳೆ ಮತ್ತೆ ಜರುಗಿರಲಿಲ್ಲ, ಭುಜ ಮಾತ್ರ ಕಪ್ಪಗೆ ಬಾತಿತ್ತು. ಡಾಕ್ಟರು ಮದ್ದು ಹಚ್ಚಿ ಹೋದರು. ಮುದುಕಿಯ ಮನಸ್ಸಿಗೆ ಹಚ್ಚುವ ಮದ್ದು ಯಾರ ಹತ್ತಿರವೂ ಇರಲಿಲ್ಲ. ನೋಡಲು ಬಂದ ಮಾರಿಪಾಳ ಕೈ ಹಿಡಿದುಕೊಂಡು ಅತ್ತು ಎಲ್ಲವನ್ನೂ ಹೇಳಿದಳು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬೀದಿ ಅದು. ಸಂಜೆ ಬ್ರೆಡ್ಡು ತರಲು ಹೋದ ಜಿಪಾರ್‌ಗೆ ಅಂಗಡಿಯಲ್ಲೇ ಸುದ್ದಿ ಎದುರಾಯಿತು.

"ಹೌದೇನೇ, ಅತ್ತೆ ಕೂಗಿದ್ದು ಕೇಳಬಾರದು ಅಂತ ಡಬ್ಬಿ ಆರಿಸ್ತೀಯಂತೆ?" ಎಂದಳು ಮಾರಿಪಾ, ಎಲ್ಲರ ಮುಂದೆ, ನಗುತ್ತಲೇ. "ನಮ್ಮ ಕಾಲದಲ್ಲಿ ಡಬ್ಬಿ ಇರಲಿಲ್ಲ, ಕಿವೀನೇ ಮುಚ್ಕೋಬೇಕಾಗಿತ್ತು."

ಜಿಪಾರ್ ಬ್ರೆಡ್ಡು ತಗೊಂಡು ಹೊರಟು ಬಂದಳು. ದಾರಿಯುದ್ದಕ್ಕೂ ಕಿವಿ ಕಾದು ಹೋಗಿತ್ತು.

ಎರ್ಮೆಕ್ ಗಣಿಯಿಂದ ಇಳಿದು ಬಂದ. ಊಟಕ್ಕೆ ಕುರಿಯ ಹುರಿದ ಮಾಂಸ, ಆಲೂಗಡ್ಡೆ. ಎರಡು ತುತ್ತು ಉಂಡವನು ತಲೆ ಎತ್ತದೆ ಕೇಳಿದ:

"ನಿಜ ಹೇಳು. ಒಂದು ಸಲಾನೂ ಆರಿಸಿಲ್ಲವಾ?"

"ನೀನೂ ಕೇಳ್ತೀಯಾ?"

"ಕೇಳ್ತಿದೀನಿ, ಹೇಳು."

"ಒಂದು ಸಲ. ಬೆರ್ಮೆತ್‌ಗೆ ಜ್ವರ ಬಂದಿತ್ತು. ನಿದ್ದೆ ಹತ್ತಿದ್ರೆ ಸಾಕು ಅಂತ ಆ ಕೋಣೇದು ಆರಿಸಿದ್ದೆ. ಅವಳು ಮಲಗಿದ ಮೇಲೆ ಮತ್ತೆ ಹಾಕಿದೆ. ಅದು ಅಮ್ಮ ಬೀಳೋಕೆ ಮುಂಚೆ."

ದೊಡ್ಡ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಮುದುಕಿಯ ದನಿ ಬಂತು, ಡಬ್ಬಿಯ ಹಂಗಿಲ್ಲದೆ, ಖಡಾಖಂಡಿತವಾಗಿ. "ಕೇಳಿದೆಯಾ ಎರ್ಮೆಕ್? ಒಂದು ಅಂತ ಬಾಯಿಬಿಟ್ಟಿದಾಳೆ. ಉಳಿದಿದ್ದು ಹೊಟ್ಟೇಲಿದೆ."

"ಅಜ್ಜಿ, ಅಮ್ಮ ಸುಳ್ಳು ಹೇಳಲ್ಲ!" ಎಂದು ಬೆರ್ಮೆತ್ ಕೂಗಿದಳು.

"ನೀನು ಉಣ್ಣು," ಎಂದ ಅಪ್ಪ.

ನಿಜ ಹೇಳಿದ್ದೇ ತಪ್ಪಾಯಿತು. ಎರ್ಮೆಕ್ ರೌಟರ್ ಆರಿಸಿ ಹಾಕಿದ, ಎಲ್ಲ ಡಬ್ಬಿಗಳನ್ನೂ ಅಲ್ಲಿಂದಿಲ್ಲಿಗೆ ಇಟ್ಟು ನೋಡಿದ, ಯಂತ್ರಕ್ಕೆ ನಾಲ್ಕು ಬೈದ. ಮಧ್ಯೆ ಅಕ್ಕನಿಗೆ ಫೋನು ಮಾಡಿದ. ಬುರುಲ್ ಆಸ್ಪತ್ರೆಯೊಂದರಲ್ಲಿ ಲೆಕ್ಕ ಬರೆಯುವವಳು, ತಪ್ಪು ಎಂದರೆ ಅದಕ್ಕೊಬ್ಬ ಮಾಡಿದವನು ಇರಲೇಬೇಕು ಎನ್ನುವ ಸ್ವಭಾವ. "ಒಳ್ಳೇ ಅಂಗಡಿಯಿಂದ ತಂದ ಒಳ್ಳೇ ಸಾಮಾನು ತಾನಾಗೇ ಕೆಡಲ್ಲ. ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ," ಎಂದಳು. ಎರ್ಮೆಕ್ ಬೇಡ ಎನ್ನಲಿಲ್ಲ. ರಜೆ ಮುಗಿದಿತ್ತು, ಮತ್ತೆ ಬೆಟ್ಟ ಹತ್ತಿದ.

ಜಿಪಾರ್ ಹೆದರಿದಳು. ತಾಯಿಯನ್ನು ಮಗಳು ಕರೆದುಕೊಂಡು ಹೋದಳು ಅಂತ ಆ ಬೀದಿಯಲ್ಲಿ ಯಾರೂ ಹೇಳುವುದಿಲ್ಲ, ಸೊಸೆ ಓಡಿಸಿದಳು ಅಂತಲೇ ಹೇಳುತ್ತಾರೆ. ನಾಳೆ ಬೆರ್ಮೆತ್‌ಳನ್ನು ಕೇಳಿಕೊಂಡು ಬರುವವರು ಮೊದಲು ಅವಳ ತಾಯಿ ಎಂಥವಳು ಅಂತ ವಿಚಾರಿಸುತ್ತಾರೆ. ಅದಕ್ಕಿಂತ ಹೆಚ್ಚಿನದೂ ಒಂದಿತ್ತು. ತಾಯಿಯಿಲ್ಲದ ಮನೆಯಿಂದ ಬಂದವಳು ಜಿಪಾರ್. ಹೆರಿಗೆಯ ನೋವಿನಲ್ಲಿ ಅವಳು ಕಚ್ಚಿದ್ದು ಈ ಮುದುಕಿಯ ಮುಂಗೈಯನ್ನು. ಆ ಮುದುಕಿಯ ಬಾಯೇ ಈಗ 'ಸಾಯಲಿ ಅಂತ ಬಿಟ್ಟೆಯಾ' ಅಂದದ್ದು ಅವಳಿಗೆ ಉಂಡ ಅನ್ನ ಮೈಗೆ ಹತ್ತದಂತೆ ಮಾಡಿತ್ತು.

ಬುರುಲ್ ಕಾರು ಮಾಡಿಕೊಂಡು ಬಂದಳು. ಬಂದವಳೇ ತಾಯಿಯ ಭುಜದ ಕಪ್ಪು ನೋಡಿ, ಅಳು ನುಂಗಿ, ಬಟ್ಟೆ ಮಡಚತೊಡಗಿದಳು. ಜಿಪಾರ್ ಚಹಾ ತಂದಿಟ್ಟಳು.

"ಅಕ್ಕ, ನೀವೂ ಒಂದು ಸಲ ಆ ಅಂಗಡಿಯವನ ಹತ್ತಿರ ಮಾತಾಡಿ."

"ಮಾತಾಡಿ ಏನಾಗಬೇಕು? ಯಂತ್ರದ ಕಾಯಿಲೆ ಬೇರೆ, ಮನುಷ್ಯರ ಕಾಯಿಲೆ ಬೇರೆ."

"ಹಾಗಾದ್ರೆ ನಾನೇ ಮಾತಾಡ್ತೀನಿ. ನೀವು ಕೇಳಿಸ್ಕೊಳ್ಳಿ ಸಾಕು."

ಇಷ್ಟು ಗಟ್ಟಿಯಾಗಿ ಅವಳು ಆ ಮನೆಯಲ್ಲಿ ಎಂದೂ ಮಾತಾಡಿರಲಿಲ್ಲ. ಫೋನಿನ ದನಿ ಜೋರು ಮಾಡಿ, ಮುದುಕಿಯ ಮಂಚದ ಕಾಲ ಬಳಿ ನೆಲದ ಮೇಲಿಟ್ಟಳು. ಅದೇ ಆಳು ಸಿಕ್ಕಿದ.

"ಇನ್ನೂ ಸರಿ ಹೋಗಿಲ್ಲವಾ ಅಕ್ಕ? ಯಾವತ್ತಾದ್ರೂ ಚೆನ್ನಾಗಿ ಕೇಳಿಸಿದ್ದು ಉಂಟಾ?"

"ಉಂಟು. ನೆಂಟರು ಬಂದ ದಿನ."

"ಆ ದಿನ ಏನು ಬೇರೆ ಇರತ್ತೆ?"

ಬುರುಲ್ ಮೂಗಿನಲ್ಲಿ ನಕ್ಕಳು. "ನೋಡೋರು ಇರ್ತಾರೆ," ಎಂದಳು.

ಜಿಪಾರ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನೆಂಟರು ಬಂದ ದಿನ ತಾನು ಮಾಡುವ ಕೆಲಸವನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ಮಾಡುತ್ತ ಹೋದಳು. ಚಹಾದ ನೀರು ಕಾಯಿಸುವ ಸಮೋವರಿಗೆ ಕೆಂಡ ಹಾಕುವುದು, ರಜಾಯಿ ಇಳಿಸಿ ಹಾಸುವುದು.

"ಪೆಟ್ಟಿಗೇನ ಜಗಲಿಗೆ ಎಳೀತೀನಿ," ಎಂದಳು. "ಜಾಗ ಸಾಲಲ್ಲ ಅಂತ."

"ರೌಟರ್ ಮುಂದಿನ ಪೆಟ್ಟಿಗೇನಾ? ಅದು ಮರದ್ದು ಅಂದ್ರಲ್ಲ?"

"ಮರ ಅಂತ ನಾನು ಅನ್ನಲಿಲ್ಲ. ಗಟ್ಟಿ ಅಂದೆ. ಮೇಲೆ ಗಟ್ಟಿ ಹೊದಿಕೆ."

"ಹೊದಿಕೆ ಅಂದ್ರೆ ಪ್ಲಾಸ್ಟಿಕ್ಕಾ? ಈಗ ಎಲ್ಲ ಪೆಟ್ಟಿಗೆಗೂ ಅದೇ ಹೊದಿಸ್ತಾರೆ. ಅದೂ ಏನೂ ಮಾಡಲ್ಲ."

"ಅಲ್ಲ, ಇದು ಹಳೇದು. ಗಟ್ಟಿ ಅಂದ್ರೆ... ಬೆಂಕೀಲಿ ಕಾಯಿಸಿ ಬಡೀತಾರಲ್ಲ..."

"ಮಡಕೇನಾ?"

ಇನ್ನೊಂದು ಹೊತ್ತಾಗಿದ್ದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಮುದುಕಿ ಕಣ್ಣು ತೆರೆದಿದ್ದಳು. ಬುರುಲ್ ಮಡಚುತ್ತಿದ್ದ ಶಾಲು ಕೈಯಲ್ಲೇ ನಿಂತಿತ್ತು. ಮನೆಮಗಳಿಗೆ ಆ ಕಟ್ಟುಪಾಡಿಲ್ಲ, ಒಂದು ಮಾತು ಅವಳೇ ಅಂದಿದ್ದರೆ ಮುಗಿದು ಹೋಗುತ್ತಿತ್ತು. ಅವಳು ತುಟಿ ಬಿಚ್ಚಲಿಲ್ಲ.

"ಅಕ್ಕ, ಇದೀರಾ? ಬೇರೆ ಫೋನು ಬರ್ತಾ ಇದೆ, ನಾನು..."

"ತೆಮಿರ್!" ಎಂದಳು ಜಿಪಾರ್. ಹೇಳಿದ ಮೇಲೆ ಇನ್ನೂ ಜೋರಾಗಿ ಹೇಳಿದಳು. "ತೆಮಿರ್ ಹೊದಿಕೆ! ನಾಲ್ಕೂ ಕಡೆ ತೆಮಿರ್!"

ಫೋನಿನೊಳಗಿನವನು ತನ್ನ ಪಾಡಿಗೆ ತಾನು ತಲೆ ಚಚ್ಚಿಕೊಂಡ.

"ಅಯ್ಯೋ, ಮೊದಲೇ ಹೇಳಬಾರದಾ? ರೌಟರ್‌ನ ತಗೊಂಡೋಗಿ ಕಬ್ಬಿಣದ ಹಿಂದೆ ಇಟ್ರೆ ಅದು ಯಾರ ಹತ್ತಿರ ಮಾತಾಡಬೇಕು? ಈಗಲೇ ಈಚೆ ತೆಗೆದು ಎತ್ತರದಲ್ಲಿಡಿ. ಸರಿ ಹೋಗದಿದ್ರೆ ನನ್ನ ಹೆಸರು ಬದಲಾಯಿಸಿ."

ಜಿಪಾರ್ ಒಬ್ಬಳೇ ರಜಾಯಿಗಳನ್ನು ಇಳಿಸಿದಳು, ಪೆಟ್ಟಿಗೆಯನ್ನು ಎಳೆದಳು, ರೌಟರನ್ನು ಗೂಡಿನಿಂದ ತೆಗೆದು ತಂತಿ ಎಟಕುವಷ್ಟು ದೂರ ತಂದು ಕಪಾಟಿನ ನೆತ್ತಿಯ ಮೇಲಿಟ್ಟಳು. ಯಾರೂ ಕೈ ಹಚ್ಚಲಿಲ್ಲ. ಆಮೇಲೆ ಕೊಟ್ಟಿಗೆಯ ತನಕ ನಡೆದುಹೋಗಿ ಅಲ್ಲಿನ ಡಬ್ಬಿಯ ಗುಂಡಿ ಒತ್ತಿದಳು.

"ಅಮ್ಮ, ಕೇಳಿಸ್ತಾ?"

ಮುದುಕಿಯ ತಲೆದಿಂಬಿನ ಪಕ್ಕ ಅವಳ ದನಿ, ಅವಳ ಏದುಸಿರು, ಹಿಂದೆ ಹಸು ಮೆಲುಕು ಹಾಕುವ ಸದ್ದು ಎಲ್ಲವೂ ಸ್ಪಷ್ಟವಾಗಿ ಬಂತು. ಮುದುಕಿ ಗುಂಡಿ ಒತ್ತಲಿಲ್ಲ. ಗೋಡೆಯ ಕಡೆ ಹೊರಳಿದಳು.

ಜಿಪಾರ್ ಒಳಗೆ ಬಂದಾಗ ಬುರುಲ್ ಕಾದಿದ್ದಳು.

"ನಮ್ಮಪ್ಪನ ಹೆಸರನ್ನ ಅಂಗಡಿ ಆಳಿಗೆ ಕೂಗಿ ಹೇಳಿದೆ. ಅವನಿಗೂ ನಿನಗೂ ಬರೋ ರಷ್ಯನ್ ಮಾತಲ್ಲಾದ್ರೂ ಹೇಳಬಹುದಿತ್ತು."

"ಹೊಳೀಲಿಲ್ಲ ಅಕ್ಕ. ನನಗೂ ಸಾಕಾಗಿತ್ತು."

"ಅಮ್ಮನ ಎದುರಿಗೆ!"

"ನಿಮಗೆ ಹೇಳೋಕೆ ಬರ್ತಿತ್ತು. ನೀವು ಹೇಳಲಿಲ್ಲ."

ಬುರುಲ್‌ಳ ಕೆನ್ನೆ ಕೆಂಪಾಯಿತು. ಚೀಲದ ಬಾಯಿ ಎಳೆದು ಕಟ್ಟಿದಳು. ಹೊರಡುವುದು ನಿಂತಿರಲಿಲ್ಲ. ಬೀಳ್ಕೊಡಲು ಮಾರನೆಯ ದಿನ ಬೀದಿಯ ಹೆಂಗಸರಿಗೆ ಹೇಳಿಕಳಿಸಿ ಆಗಿತ್ತು, ಕುರಿ ಕಡಿಯುವವನಿಗೂ ಹೇಳಿ ಆಗಿತ್ತು. ಆ ರಾತ್ರಿ ಮುದುಕಿ ಊಟ ಬೇಡವೆಂದಳು. ಜಿಪಾರ್ ಕಾಲು ಒತ್ತಲು ಕೂತರೆ ಬೇಡವೆನ್ನಲಿಲ್ಲ. ಒಂದು ಕಳಂಕ ತೊಳೆಯಲು ಹೋಗಿ ಇನ್ನೊಂದನ್ನು ಮೈಗೆ ಬಳಿದುಕೊಂಡೆ ಎಂದುಕೊಂಡು ಜಿಪಾರ್ ಆ ಕಾಲುಗಳ ಮೇಲೆ ಕಣ್ಣೀರು ಬೀಳದಂತೆ ಮುಖ ತಿರುಗಿಸಿ ಒತ್ತಿದಳು.

ಮಾರನೆಯ ದಿನ ಹೆಂಗಸರು ಬಂದು ವಯಸ್ಸಿಗೆ ತಕ್ಕಂತೆ ಕೂತರು. ಮುದುಕಿಯನ್ನು ದಿಂಬಿಗೆ ಒರಗಿಸಿ ಒಳಗೋಡೆಗೆ ಕೂರಿಸಿದ್ದರು, ಪಕ್ಕದಲ್ಲಿ ಬುರುಲ್, ಆಮೇಲೆ ಮಾರಿಪಾ. ಜಿಪಾರ್ ಸೊಸೆಯ ಜಾಗದಲ್ಲಿ, ಬಾಗಿಲ ಬಳಿ ಸಮೋವರಿನ ಮುಂದೆ, ಚಹಾ ಬಗ್ಗಿಸಿ ಕೊಡುತ್ತಿದ್ದಳು. ಬೆಂದ ಮಾಂಸ ಬಂತು. ಯಾರಿಗೆ ಯಾವ ಮೂಳೆ ಎಂಬುದು ಅಲ್ಲಿ ಕೇಳಿ ತಿಳಿಯುವ ವಿಷಯವಲ್ಲ. ಬಾಲದ ಬುಡದ ಕೊಬ್ಬಿನ ತುಂಡು ಹಿರಿಯ ಹೆಂಗಸಿಗೆ, ಅದನ್ನು ಊಲ್ಕನ್‌ಳ ಮುಂದಿಟ್ಟರು.

ಮುದುಕಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ತಿನ್ನಲಿಲ್ಲ.

"ಜಿಪಾರ್, ಇಲ್ಲಿ ಬಾ."

"ಚಹಾ ಬೇಕಾ ಅಮ್ಮ?"

"ಚಹಾ ಅಲ್ಲ. ನೀನು ಬಾ."

ಜಿಪಾರ್ ಎದ್ದು ನಿಂತಳು, ಹೆಜ್ಜೆ ಮುಂದಿಡಲಿಲ್ಲ. ಚಹಾ ಕೊಡುವ ಸೊಸೆ ಹಿರಿಯರ ಸಾಲಿನ ನಡುವೆ ಹೋಗುವುದುಂಟೆ?

"ಇವಳು ಡಬ್ಬಿ ಆರಿಸ್ತಾಳೆ ಅಂತ ನಿಮಗೆಲ್ಲ ಹೇಳಿದ್ದು ನಾನು," ಎಂದಳು ಮುದುಕಿ ಹೆಂಗಸರ ಕಡೆ ತಿರುಗಿ. ದನಿ ಎಲ್ಲರಿಗೂ ಕೇಳುವಷ್ಟಿತ್ತು. "ಇವಳು ಆರಿಸಿರಲಿಲ್ಲ. ನನ್ನ ಪೆಟ್ಟಿಗೆ ಅಡ್ಡ ಇತ್ತು. ಅದರ ಹಿಂದೆ ನೂಕು ಅಂದಿದ್ದೂ ನಾನೇ. ಮಾರಿಪಾ, ಮೊದಲ ಮಾತನ್ನ ಎಷ್ಟು ಮನೆಗೆ ಮುಟ್ಟಿಸಿದ್ಯೋ, ಇದನ್ನೂ ಅಷ್ಟೇ ಮನೆಗೆ ಮುಟ್ಟಿಸು."

ಮಾರಿಪಾ ತಲೆಯ ಬಟ್ಟೆ ಸರಿಮಾಡಿಕೊಂಡಳು.

"ಅಮ್ಮ, ಒಂದು ಸಲ ಆರಿಸಿದ್ದು ನಿಜ ತಾನೆ?" ಎಂದಳು ಬುರುಲ್ ಮೆಲ್ಲಗೆ. "ಆಮೇಲೆ ನಿನ್ನೆ ಅಪ್ಪನ ಹೆಸರು..."

"ಮಗೂಗೆ ಜ್ವರ ಇತ್ತು, ಆರಿಸಿದ್ಲು. ನಾನಾಗಿದ್ರೆ ಕಿತ್ತು ಹಿತ್ತಲಿಗೆ ಎಸೀತಿದ್ದೆ. ಇನ್ನು ಅವರ ಹೆಸರು." ಮುದುಕಿ ಮಗಳ ಕಡೆ ತಿರುಗಿದಳು. "ಇಷ್ಟು ವರ್ಷ ನುಂಗಿಕೊಂಡು ಬಂದ ಹೆಸರನ್ನ ಇವಳ ಬಾಯಿಂದ ಕಕ್ಕಿಸಿದವಳು ನಾನು. ಮೇಲೆ ಹೋದಾಗ ಅವರು ಕೇಳಿದ್ರೆ ನನ್ನನ್ನ ಕೇಳ್ತಾರೆ, ಇವಳನ್ನಲ್ಲ. ನಾನೆಲ್ಲೂ ಬರಲ್ಲ ಬುರುಲ್. ಕಟ್ಟಿದ ಚೀಲ ಬಿಚ್ಚು."

ಕೈಯಲ್ಲಿದ್ದ ತುಂಡನ್ನು ಸೊಸೆಯ ಕಡೆ ಚಾಚಿದಳು. "ಬಾ ಮಗಳೇ. ಇದು ನಿನ್ನ ಪಾಲು. ಇಲ್ಲೇ ಕೂತು ತಿನ್ನು."

ಮಾರಿಪಾ ಮೊಣಕಾಲು ಮಡಚಿ ದಾರಿ ಬಿಟ್ಟಳು. ಅವಳ ಆಚೆಯವಳೂ ಬಿಟ್ಟಳು. ಜಿಪಾರ್ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಬಂದು ಅತ್ತೆಯ ಮಗ್ಗುಲಲ್ಲಿ ಕೂತು, ಆ ತುಂಡನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡಳು. ತಿನ್ನುವ ಮೊದಲು ಹೆಂಗಸರ ಸಾಲಿನ ಕಡೆ ಕಣ್ಣಾಡಿಸಿದಳು.

"ಅಮ್ಮ, ಅವರ ಬಟ್ಟಲುಗಳು ಖಾಲಿ ಆಗಿವೆ," ಎಂದಳು.

"ಆಗಲಿ. ಚಹಾ ಬುರುಲ್ ಕೊಡ್ತಾಳೆ."

ಬುರುಲ್ ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ಎದ್ದು, ಹೆಂಗಸರ ಸಾಲು ದಾಟಿ ಬಾಗಿಲ ಬಳಿ ಹೋಗಿ, ಸಮೋವರಿನ ಮುಂದೆ ಕೂತಳು. ಮೊದಲ ಬಟ್ಟಲು ತುಂಬಿಸಿ, "ಜಿಪಾರ್‌ಗೆ ಕೊಡಿ," ಎಂದು ಪಕ್ಕದವಳ ಕೈಗಿಟ್ಟಳು.